ಗಾಳಿ ಒತ್ತಿದ ಕುಳಿಗಳು

ತುಂಗಭದ್ರಾ ಕಾಲುವೆಯ ನೀರು ಹರಿಯುವ ಸಿರುಗುಪ್ಪ, ಕುರುಗೋಡುಗಳ ಎರೆಭೂಮಿಯಲ್ಲಿ ಭತ್ತದಂತೆಯೇ ಮೆಣಸಿನಕಾಯಿಗೂ ಹಿರಿದಾದ ಸ್ಥಾನವಿದೆ. ಹಿಂದೆ ರೈತನು ಹೊಲದ ಮೂಲೆಯಲ್ಲಿ ಮಡಿ ಮಾಡಿ ಬೀಜ ಚೆಲ್ಲುತ್ತಿದ್ದನು. ಸಸಿ ಗೇಣುದ್ದವಾದಾಗ ಕಿತ್ತು ನೆಡುತ್ತಿದ್ದನು. ಕೀಳುವಾಗ ಎಳೆಯ ಬೇರು ಹರಿಯುತ್ತಿತ್ತು. ಬಳ್ಳಾರಿಯ ಬಿಸಿಲಿಗೆ ಹರಿದ ಬೇರಿನ ಸಸಿ ಎಷ್ಟು ಹೊತ್ತು ತಾಳೀತು? ಸತ್ತವುಗಳ ಜಾಗದಲ್ಲಿ ಬೇರೆ ಸಸಿ ಊರುವಷ್ಟರಲ್ಲಿ ಹದ ಮೀರಿಹೋಗುತ್ತಿತ್ತು.

ಇಂದು ನೆರಳುಪರದೆಯ ಕೆಳಗೆ ಸಸಿಗಳು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಯುತ್ತವೆ. ರೈತರ ಬಾಯಲ್ಲಿ ಅದು ಬರಿಯ ‘ಟ್ರೇ’. ನೋಡಲು ಪಡ್ಡಿನ ಹಂಚಿನ ತಮ್ಮನಂತಿದೆ. ಸಾಮಾನ್ಯವಾಗಿ 98 ಕುಳಿಗಳು. ಕುಳಿಗೆ ತೆಂಗಿನ ನಾರಿನ ಪುಡಿ ತುಂಬಿ ಒಂದೊಂದೇ ಬೀಜವಿಡುತ್ತಾರೆ. ಐದಾರು ವಾರಗಳಲ್ಲಿ ಸಸಿಯು ಬೇರಿನ ಉಂಡೆಯೊಡನೆ ಇಡಿಯಾಗಿ ಮೇಲೆದ್ದು ಬರುತ್ತದೆ.

ಈ ಕುಳಿಗಳನ್ನು ಯಾರೂ ಕೊರೆದುದಲ್ಲ. ಕಾರ್ಖಾನೆಯಲ್ಲಿ ಪಾಲಿಸ್ಟೈರೀನಿನಂಥ ಪ್ಲಾಸ್ಟಿಕ್ಕಿನ ತೆಳುಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಬಿಗಿಹಿಡಿದು ಕಾಯಿಸುತ್ತಾರೆ. ಕಾವು 100 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಾಳೆ ಮೆತ್ತಗಾಗಿ ಜೋತುಬೀಳುತ್ತದೆ. ಆಗ ಅದನ್ನು ಅಚ್ಚಿನ ಮೇಲೆ ಹಾಸಿ, ಅಚ್ಚಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿನ ಗಾಳಿಯನ್ನು ಪಂಪಿನಿಂದ ಹೊರತೆಗೆಯುತ್ತಾರೆ. ಕ್ಷಣಮಾತ್ರದಲ್ಲಿ ಹಾಳೆ ಅಚ್ಚಿನ ಮೈಗೆ ಅಂಟಿಕೊಳ್ಳುತ್ತದೆ. ಪಂಪೇ ಅದನ್ನು ಎಳೆಯಿತೆಂದು ನೋಡುವವರಿಗೆ ಭ್ರಮೆಯಾಗುವುದು ಸಹಜ. ಆದರೆ ಹಾಗೆ ಒತ್ತಿದುದು ಹೊರಗಿನ ಗಾಳಿ. ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಭಾರವಿಟ್ಟಂತೆ ನಮ್ಮೆಲ್ಲರನ್ನೂ ಸದಾ ಒತ್ತುತ್ತಿರುವ ಗಾಳಿ! 1650ರ ದಶಕದಲ್ಲಿ ಜರ್ಮನಿಯ ಆಟೋ ಫಾನ್ ಗೆರಿಕೆ ಎರಡು ಲೋಹದ ಅರೆಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದಾಗ, ಕುದುರೆಗಳ ತಂಡಗಳು ಎಳೆದರೂ ಅವು ಬೇರ್ಪಡಲಿಲ್ಲ. ಅಂದು ಕುದುರೆಗಳನ್ನು ಸೋಲಿಸಿದ ಶಕ್ತಿ ಇಂದು ಮೆಣಸಿನ ಸಸಿಗೆ ತೊಟ್ಟಿಲು ಮಾಡುತ್ತಿದೆ.

ಆದರೆ ಕುಳಿಯಾಗಲು ಹೊಸ ಪ್ಲಾಸ್ಟಿಕ್ ಬಂದು ಸೇರುವುದಿಲ್ಲ; ಇದ್ದ ಹಾಳೆಯೇ ಹಿಗ್ಗಬೇಕು. ಆದ್ದರಿಂದ ಆಳ ಹೆಚ್ಚಿದಷ್ಟೂ ತಳದ ಮೂಲೆಗಳು ತೆಳುವಾಗುತ್ತವೆ. ಬಿಸಿಲಿಗೆ ಕಾದ ಟ್ರೇ ಕೆಲವು ಬೆಳೆಗಳ ಬಳಿಕ ಅಲ್ಲಿಯೇ ಬಿರಿಯುತ್ತದೆ. ಬಿರಿದ ಟ್ರೇಗಳನ್ನು ಬದುವಿನಲ್ಲಿ ಸುಡುವುದು ಅವಿವೇಕ. ಆ ಕಪ್ಪು ಹೊಗೆ ಸುಟ್ಟವನ ಮಕ್ಕಳ ಉಸಿರಿಗೇ ಸೇರುತ್ತದೆ. ಅವನ್ನು ಕೂಡಿಟ್ಟು ಗುಜರಿಗೆ ಕೊಟ್ಟರೆ ಮತ್ತೆ ಕರಗಿ ಹಾಳೆಯಾಗಬಲ್ಲವು.

ಜಾಣ ಸಸಿಗಾರರು ಗಟ್ಟಿಯಾಗಿರುವ ಟ್ರೇಗಳನ್ನು ತೊಳೆದು ಮರಳಿ ಬಳಸುತ್ತಾರೆ. ತೊಳೆಯದಿದ್ದರೆ ಹಿಂದಿನ ಬೆಳೆಯ ರೋಗ ಮುಂದಿನ ಸಸಿಗೆ ತಗಲೀತು. ಸಂಜೆ ಹೆಂಗಸರು ತೊಳೆದ ಟ್ರೇಗಳನ್ನು ಒಂದರೊಳಗೊಂದು ಇಳಿಸಿ ಪೇರಿಸುತ್ತಾರೆ. ಕುಳಿಯ ಗೋಡೆಗಳು ಕೆಳಗೆ ಕಿರಿದಾಗಿ ವಾಲಿರುವುದರಿಂದ ಅವು ಸಲೀಸಾಗಿ ಕೂರುತ್ತವೆ. ಟ್ರೇ ಅಚ್ಚಿನಿಂದ ಬಿಟ್ಟುಬಂದುದೂ ಆ ವಾಲಿಕೆಯಿಂದಲೇ. ನಾಳೆ ಸಸಿ ಬೇರು ಹರಿಯದೆ ಟ್ರೇಯಿಂದ ಬಿಟ್ಟುಬರುವುದೂ ಅದರಿಂದಲೇ.