ಕಣ್ಣು ಮಿಟುಕಿಸುವ ಹಲ್ಲಿ

ಹಲ್ಲಿಯ ಬಗ್ಗೆ ಕನ್ನಡಿಗರಿಗಿರುವಷ್ಟು ಅಂಜಿಕೆ, ನಂಬಿಕೆ ಮತ್ತು ಸಲಿಗೆ ಬೇರೆ ಯಾವ ಸರೀಸೃಪದ ಬಗ್ಗೆಯೂ ಇರಲಾರದು. ಮಾತಿನ ನಡುವೆ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ಹಿರಿಯರು ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಾರೆ. ಅದು ಮೈಮೇಲೆ ಬಿದ್ದರೆ ಪಂಚಾಂಗ ತೆರೆದು, ತಲೆಗೆ ಏನು ಫಲ, ಬಲ ಭುಜಕ್ಕೆ ಏನು ಫಲ ಎಂದು ಹುಡುಕುತ್ತಾರೆ. ಇಷ್ಟು ಹತ್ತಿರವಿದ್ದರೂ ಆ ಹಲ್ಲಿಯ ಒಂದು ಗುಣವನ್ನು ಗಮನಿಸಿದವರು ಕಡಿಮೆ. ಅದು ಕಣ್ಣು ಮುಚ್ಚುವುದಿಲ್ಲ. ಮುಚ್ಚಲು ಅದಕ್ಕೆ ರೆಪ್ಪೆಯೇ ಇಲ್ಲ. ಕಣ್ಣಿಗೆ ಧೂಳು ಬಿದ್ದರೆ ನಾಲಗೆ ಚಾಚಿ ಒರೆಸಿಕೊಳ್ಳುತ್ತದೆ, ಅಷ್ಟೆ.

ಈ ನಿಯಮಕ್ಕೆ ಹೊರತಾದ ಹಲ್ಲಿಗಳೂ ಇವೆ. ಅವುಗಳಲ್ಲಿ ಹೆಸರಾದದ್ದು ಚಿರತೆ ಹಲ್ಲಿ. ಇದಕ್ಕೆ ಮನುಷ್ಯರಂತೆ ಮೇಲೆ ಕೆಳಗೆ ಆಡುವ ರೆಪ್ಪೆಗಳಿವೆ. ನಿದ್ದೆ ಬಂದರೆ ಕಣ್ಣು ಮುಚ್ಚುತ್ತದೆ, ಎದ್ದಾಗ ಮಿಟುಕಿಸುತ್ತದೆ. ಇದರ ವೈಜ್ಞಾನಿಕ ಹೆಸರು ಯೂಬ್ಲೆಫಾರಿಸ್ ಮ್ಯಾಕ್ಯುಲೇರಿಯಸ್. ಮೊದಲ ಪದ ರೆಪ್ಪೆಯನ್ನೂ ಎರಡನೆಯದು ಚುಕ್ಕೆಯನ್ನೂ ಸೂಚಿಸುತ್ತವೆ. 1854ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞ ಈ ಹೆಸರಿನ ಪ್ರಾಣಿಯನ್ನು ಲೋಕಕ್ಕೆ ಪರಿಚಯಿಸಿದ. ಇಂದಿನ ಪಾಕಿಸ್ತಾನ, ಆಫ್ಘಾನಿಸ್ತಾನಗಳ ಕಲ್ಲುಗುಡ್ಡಗಳು ಇದರ ತವರು. ಹಗಲೆಲ್ಲ ಬಂಡೆಯ ಸಂದಿಯಲ್ಲಿ ಅಡಗಿದ್ದು, ಮುಸ್ಸಂಜೆಗೆ ಹೊರಬಂದು ಕೀಟಗಳನ್ನು ಬೇಟೆಯಾಡುತ್ತದೆ. ಗೋಡೆ ಹತ್ತಲು ಬೇಕಾದ ಅಂಟುಪಾದ ಇದಕ್ಕಿಲ್ಲ. ನೆಲವೇ ಇದರ ಲೋಕ.

ಗೋಡೆ ಹತ್ತಲಾರದು, ಸುಲಭವಾಗಿ ಕಚ್ಚದು, ಗದ್ದಲ ಮಾಡದು, ನೋಡಲು ಚೆಂದ. ಈ ಗುಣಗಳೇ ಇದನ್ನು ಅಮೆರಿಕ, ಯೂರೋಪುಗಳ ಮಕ್ಕಳ ಕೋಣೆಗೆ ತಂದವು. ಹಲವು ದಶಕಗಳಿಂದ ಅಲ್ಲಿನವರು ಇದನ್ನು ಸೆರೆಯಲ್ಲೇ ತಳಿ ಮಾಡಿ ಮಾರುತ್ತಿದ್ದಾರೆ. ‘ಮಗುವಿನ ಮೊದಲ ಸರೀಸೃಪ, ಸಾಕುವುದು ಬಹಳ ಸುಲಭ’ ಎಂಬುದು ವ್ಯಾಪಾರಿಗಳ ಸಾಮಾನ್ಯ ಮಾತು. ಈ ‘ಸುಲಭ’ ಎಂಬ ಪದವನ್ನು ಮಾತ್ರ ಸ್ವಲ್ಪ ತೂಗಿ ನೋಡಬೇಕು.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದಕ್ಕೆ 2016ರಲ್ಲಿ ಅಂಥದೊಂದು ಹಲ್ಲಿ ಬಂತು. ಹತ್ತು ವರ್ಷದ ಮಗ ಹುಟ್ಟುಹಬ್ಬಕ್ಕೆ ನಾಯಿ ಕೇಳಿದ್ದ. ನಾಯಿಯ ತಾಪತ್ರಯ ಬೇಡವೆಂದು ತಂದೆ ಹಲ್ಲಿಗೆ ಒಪ್ಪಿದರು. ಹಳದಿ ಮೈಮೇಲೆ ಯಾರೋ ರಾಗಿ ಚೆಲ್ಲಿದಂತೆ ಚುಕ್ಕೆಗಳಿದ್ದುದರಿಂದ ಹುಡುಗ ಅದಕ್ಕೆ ‘ರಾಗಿ’ ಎಂದೇ ಹೆಸರಿಟ್ಟ. ಗಾಜಿನ ತೊಟ್ಟಿ, ಒಂದು ದೀಪ, ತೊಟ್ಟಿಯಡಿಗೆ ಬಿಸಿಯಾಗುವ ಒಂದು ಹಾಸು, ಗಾಜಿಗೆ ಅಂಟಿಸಿದ ಉಷ್ಣಮಾಪಕ, ಕೀಟಗಳ ಒಂದು ಡಬ್ಬಿ. ಇಷ್ಟರಲ್ಲಿ ಸಂಸಾರ ಶುರುವಾಯಿತು.

ಮರುವರ್ಷದ ಅಕ್ಟೋಬರಿನಲ್ಲಿ ಅರಸೀಕೆರೆಯಿಂದ ಅಜ್ಜಿ ಆರು ತಿಂಗಳ ಮಟ್ಟಿಗೆ ಬಂದರು. ಮೊಮ್ಮಗ ಹಲ್ಲಿ ಸಾಕಿದ್ದಾನೆಂದು ತಿಳಿದು ಮೊದಲ ವಾರ ಅವರು ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ದಾಟಿದ ದಿನ ರಾಗಿ ಅವರನ್ನು ನೋಡಿ ಎರಡು ಸಲ ಕಣ್ಣು ಮಿಟುಕಿಸಿತು. ‘ಅಯ್ಯೋ, ಇದು ಮನುಷ್ಯರ ಹಾಗೆ ನೋಡುತ್ತದಲ್ಲೋ!’ ಎಂದು ಅಲ್ಲೇ ಕುಳಿತರು. ಮುಂದೆ ಅವರನ್ನು ಕಾಡಿದ್ದು ಹಲ್ಲಿಯಲ್ಲ, ಅದರ ಊಟ.

ಅದು ಸಸ್ಯಾಹಾರಿ ಮನೆ. ರಾಗಿಗೆ ಮಾತ್ರ ಜೀವಂತ ಚಿಮ್ಮಂಡೆ, ಹಿಟ್ಟಿನ ಹುಳುಗಳೇ ಬೇಕು. ಮರಿಗೆ ದಿನವೂ, ಬೆಳೆದ ಹಲ್ಲಿಗೆ ಎರಡು ಮೂರು ದಿನಕ್ಕೊಮ್ಮೆ. ‘ಒಂದು ಜೀವ ಸಾಕಲು ಇಷ್ಟು ಜೀವ ತೆಗೆಯಬೇಕೇನೋ? ಒಂದು ತುಂಡು ಬಾಳೆಹಣ್ಣು ಕೊಡಬಾರದೇ?’ ಎಂದು ಅಜ್ಜಿ ಕೇಳಿದರು. ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ವಿಜ್ಞಾನದಲ್ಲಿ ಉತ್ತರವಿದೆ, ಆದರೆ ಅದು ಅಷ್ಟು ಸಮಾಧಾನಕರವಲ್ಲ. ಚಿರತೆ ಹಲ್ಲಿಯ ಹಲ್ಲು, ಕರುಳು ಕೀಟಗಳಿಗಾಗಿಯೇ ರೂಪುಗೊಂಡಿವೆ. ಹಣ್ಣು ತರಕಾರಿಗಳಿಂದ ಅದು ಬದುಕಲಾರದು. ಹಲ್ಲಿಗೆ ಬಾಳೆಹಣ್ಣು ಕೊಡುವುದು ಕೊಡುವವರ ಮನಸ್ಸಿಗೆ ನೆಮ್ಮದಿ, ಹಲ್ಲಿಗೆ ಉಪವಾಸ. ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದದ್ದು ಪ್ರಾಣಿಯನ್ನು ತರುವ ಮೊದಲು. ತಂದ ಮೇಲೆ ಅದರ ಹಸಿವಿಗೆ ಸಾಕುವವನ ಆಚಾರವನ್ನು ಹೇರಲಾಗದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೆಟ್ಟಿಗೆಯಲ್ಲಿ ಬರುವ ಕೀಟಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಬಹಳ ಕಡಿಮೆ. ಅದನ್ನೇ ತಿಂದ ಹಲ್ಲಿ ತನ್ನ ಎಲುಬಿನಿಂದ ಸುಣ್ಣವನ್ನು ಸೆಳೆದುಕೊಳ್ಳುತ್ತದೆ. ಆಗ ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಆದ್ದರಿಂದ ಕೀಟಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಆ ಸುಣ್ಣ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು. ಅದನ್ನು ಪುಡಿಯಲ್ಲಿ ಬೆರೆಸಿಯೋ ಮಂದವಾದ ನೇರಳಾತೀತ ದೀಪದಿಂದಲೋ ಒದಗಿಸಬೇಕು. ಕೀಟದ ಗಾತ್ರ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಜೊತೆಗೆ ಆ ಕೀಟಗಳಿಗೂ ಒಳ್ಳೆಯ ಊಟ ಹಾಕಬೇಕು. ಏಕೆಂದರೆ ಕೀಟ ತಿಂದದ್ದೇ ಹಲ್ಲಿಯ ಹೊಟ್ಟೆ ಸೇರುವುದು. ಇದು ತಿಳಿದ ಮೇಲೆ ಅಜ್ಜಿ ದಿನವೂ ಸಾರಿಗೆ ಹೆಚ್ಚಿದ ಕ್ಯಾರೆಟ್ಟಿನ ತುದಿಯನ್ನು ಚಿಮ್ಮಂಡೆಗಳಿಗೆ ಎತ್ತಿಡತೊಡಗಿದರು. ‘ಇರುವಷ್ಟು ದಿನವಾದರೂ ಹೊಟ್ಟೆ ತುಂಬಿರಲಿ’ ಎನ್ನುತ್ತಿದ್ದರು.

ಡಿಸೆಂಬರಿನಲ್ಲಿ ಹೊರಗೆ ಹಿಮ ಬಿದ್ದಿತ್ತು. ರಾಗಿ ತಿನ್ನುವುದನ್ನು ನಿಲ್ಲಿಸಿತು. ಚಿರತೆ ಹಲ್ಲಿಯ ಬಾಲ ಅದರ ಬ್ಯಾಂಕು. ಒಂಟೆಗೆ ಡುಬ್ಬವಿದ್ದಂತೆ ಇದಕ್ಕೆ ಕೊಬ್ಬು ತುಂಬಿದ ದಪ್ಪ ಬಾಲ. ಬರಗಾಲದಲ್ಲಿ ಆ ಠೇವಣಿಯನ್ನು ಕರಗಿಸಿಕೊಂಡು ಬದುಕುತ್ತದೆ. ಹೆಬ್ಬೆರಳಿನಷ್ಟಿದ್ದ ಬಾಲ ಮೂರು ವಾರಗಳಲ್ಲಿ ಪೆನ್ಸಿಲಿನಷ್ಟಾಯಿತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 56 ಗ್ರಾಂ ಇದ್ದದ್ದು 43ಕ್ಕೆ ಇಳಿದಿತ್ತು. ನಾಯಿಯಾದರೆ ನರಳುತ್ತದೆ, ಬೆಕ್ಕಾದರೆ ಕೂಗುತ್ತದೆ. ಹಲ್ಲಿ ಏನನ್ನೂ ಹೇಳುವುದಿಲ್ಲ. ಸುಮ್ಮನೆ ಮೂಲೆ ಸೇರುತ್ತದೆ.

ಸರೀಸೃಪಗಳನ್ನು ನೋಡುವ ಪಶುವೈದ್ಯರ ಶುಲ್ಕ ರಾಗಿಯನ್ನು ಕೊಂಡ ಬೆಲೆಯ ನಾಲ್ಕೈದು ಪಟ್ಟಿತ್ತು. ತಂದೆ ಸ್ವಲ್ಪ ಹಿಂದೆಗೆದರು. ‘ಅಷ್ಟರಲ್ಲಿ ಹೊಸದೇ ಬರುತ್ತದಲ್ಲ’ ಎಂಬ ಮಾತು ಬಾಯಿಂದ ಬಂದೂ ಬಿಟ್ಟಿತು. ಮಗ ಏನೂ ಹೇಳಲಿಲ್ಲ. ಅಜ್ಜಿಯೇ ಹೇಳಿದರು: ‘ಅಂಗಡಿಯವನು ಹೇಳಿದ ಬೆಲೆ ಅವನದು. ಮನೆಗೆ ಬಂದ ಮೇಲೆ ಅದು ಮನೆಯ ಜೀವ.’ ಮರುದಿನ ತಂದೆ ಅರ್ಧ ದಿನ ರಜೆ ಹಾಕಿ ಹಲ್ಲಿಯನ್ನು ವೈದ್ಯರ ಬಳಿಗೆ ಕೊಂಡೊಯ್ದರು.

ವೈದ್ಯರು ಮೊದಲು ಕೇಳಿದ್ದು ಏನು ತಿನ್ನುತ್ತದೆ ಎಂದಲ್ಲ. ‘ಅದರ ಹೊಟ್ಟೆ ತಾಗುವ ನೆಲದ ಉಷ್ಣತೆ ಎಷ್ಟು?’ ಎಂದು. ಮನೆಯ ಉಷ್ಣಮಾಪಕ ದೀಪದ ಹತ್ತಿರ, ಗಾಜಿನ ಮೇಲ್ಭಾಗದಲ್ಲಿತ್ತು. ಅದು ಗಾಳಿಯ ಉಷ್ಣತೆಯನ್ನು 29 ಡಿಗ್ರಿ ಎಂದು ತೋರಿಸುತ್ತಿತ್ತು. ತಂತಿಯ ತುದಿಯ ಮಾಪಕವೊಂದನ್ನು ತಂದು ನೆಲಕ್ಕಿಟ್ಟರೆ ಬರೀ 22! ಅಡಿಯ ಹಾಸು ಯಾವಾಗ ಕೆಟ್ಟಿತ್ತೋ ಯಾರಿಗೂ ತಿಳಿದಿರಲಿಲ್ಲ.

ಹತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ಇದರ ಕಾರಣ ಕಷ್ಟವಾಗದು. ಮನುಷ್ಯ ತಿಂದ ಅನ್ನದಿಂದಲೇ ಮೈಯನ್ನು 37 ಡಿಗ್ರಿಯಲ್ಲಿ ಕಾಪಾಡಿಕೊಳ್ಳುತ್ತಾನೆ. ಶೀತರಕ್ತದ ಪ್ರಾಣಿಗೆ ಆ ಒಲೆ ಇಲ್ಲ. ಅದು ಬಿಸಿಯನ್ನು ಹೊರಗಿನಿಂದ ಸಾಲ ತರಬೇಕು. ಜೀರ್ಣಕ್ಕೆ ಬೇಕಾದ ಕಿಣ್ವಗಳು ಬಿಸಿಯಿದ್ದಾಗ ಮಾತ್ರ ಚುರುಕಾಗಿ ಕೆಲಸ ಮಾಡುತ್ತವೆ. ತಣ್ಣನೆಯ ನೆಲದ ಮೇಲೆ ತಿಂದರೆ ಆಹಾರ ಹೊಟ್ಟೆಯಲ್ಲೇ ಕೊಳೆಯಬಹುದು. ರಾಗಿ ತಿನ್ನದೆ ಇದ್ದದ್ದು ಹಟದಿಂದಲ್ಲ. ತೊಟ್ಟಿಯ ಒಂದು ಬದಿಯ ನೆಲ 32ರಿಂದ 34 ಡಿಗ್ರಿ, ಇನ್ನೊಂದು ಬದಿ 25ರ ಆಸುಪಾಸು ಇರಬೇಕು. ಬೇಕೆಂದಾಗ ಬಿಸಿಗೆ, ಸಾಕೆಂದಾಗ ತಂಪಿಗೆ ಹಲ್ಲಿ ತಾನೇ ಹೋಗುತ್ತದೆ. ಎರಡೂ ಕಡೆ ಅಡಗಲು ಒಂದೊಂದು ಗೂಡು ಬೇಕು. ಮೂರನೆಯ ಗೂಡಿನಲ್ಲಿ ಒದ್ದೆ ಪಾಚಿಯನ್ನೋ ಕಾಗದವನ್ನೋ ಇಡಬೇಕು. ಪೊರೆ ಬಿಡುವಾಗ ತೇವವಿಲ್ಲದಿದ್ದರೆ ಹಳೆಯ ಚರ್ಮ ಬೆರಳಿಗೆ ಉಂಗುರದಂತೆ ಬಿಗಿದು, ರಕ್ತ ಹರಿಯದೆ ಬೆರಳೇ ಉದುರುತ್ತದೆ. ಬಿಸಿ ಹಾಸನ್ನು ಉಷ್ಣನಿಯಂತ್ರಕವಿಲ್ಲದೆ ಬಿಡಬಾರದು. ಇಲ್ಲವಾದರೆ ಅದೇ ಹೊಟ್ಟೆಯನ್ನು ಸುಟ್ಟೀತು.

ಬಿಸಿಗೂ ಈ ಪ್ರಾಣಿಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಎಂಬುದನ್ನೂ ಬಿಸಿಯೇ ತೀರ್ಮಾನಿಸುತ್ತದೆ. 26 ಡಿಗ್ರಿಯಲ್ಲಿಟ್ಟ ಮೊಟ್ಟೆಗಳಿಂದ ಹೆಚ್ಚಾಗಿ ಹೆಣ್ಣು, 32ರಿಂದ 33ರಲ್ಲಿ ಹೆಚ್ಚಾಗಿ ಗಂಡು, 34ನ್ನು ದಾಟಿದರೆ ಮತ್ತೆ ಹೆಣ್ಣು! ಪ್ರಕೃತಿಯಲ್ಲಿ ಬಂಡೆ, ಬಿಸಿಲು, ನೆರಳುಗಳು ಮಾಡುವ ಈ ಕೆಲಸವನ್ನು ಮನೆಯಲ್ಲಿ ಒಂದು ತಂತಿ, ಒಂದು ಮಾಪಕ ಮತ್ತು ಒಬ್ಬ ಹುಡುಗ ಮಾಡಬೇಕು. ಹಲ್ಲಿಯನ್ನು ಸಾಕುವುದೆಂದರೆ ಒಂದು ಹವಾಮಾನವನ್ನೇ ಸಾಕುವುದು.

ಹೊಸ ಹಾಸು ಬಂದ ಎಂಟನೆಯ ದಿನ ರಾಗಿ ಒಂದು ಹುಳು ತಿಂದಿತು. ಹುಡುಗ ಒಂದು ನೋಟ್‌ಬುಕ್ ತೆರೆದು ಪ್ರತಿ ಭಾನುವಾರ ಅದರ ತೂಕ, ನೆಲದ ಉಷ್ಣತೆ, ತಿಂದ ಕೀಟಗಳ ಲೆಕ್ಕ ಬರೆಯತೊಡಗಿದ. 43, 44, 46. ಏಪ್ರಿಲಿನಲ್ಲಿ ಅಜ್ಜಿ ಊರಿಗೆ ಹೊರಡುವ ಹೊತ್ತಿಗೆ 54. ಮಾತನಾಡದ ಪ್ರಾಣಿಯ ಮಾತು ಆ ಅಂಕಿಗಳಲ್ಲಿತ್ತು. ಹಲ್ಲಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕೆಂಬುದನ್ನು ಅಜ್ಜಿ ಆ ಪುಸ್ತಕದ ಮೇಲೆ ಕನ್ನಡದಲ್ಲಿ ಬರೆಸಿದ್ದರು. ಅವರದು ಮಡಿಯ ಮಾತು. ಆದರೆ ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದುಂಟು, ಆದ್ದರಿಂದ ವೈದ್ಯರ ಮಾತೂ ಅದೇ.

ಹನ್ನೆರಡರ ವಯಸ್ಸಿಗೆ ಹುಡುಗನಿಗೆ ಎರಡನೆಯ ಹಲ್ಲಿಯ ಆಸೆ ಹುಟ್ಟಿತು. ಅವನ ಕಣ್ಣು ಬಿದ್ದದ್ದು ‘ಲೆಮನ್ ಫ್ರಾಸ್ಟ್’ ಎಂಬ ತಳಿಯ ಮೇಲೆ. ನಿಂಬೆಯ ಹಳದಿಗೆ ಹಿಮದ ಬಿಳುಪು ಬೆರೆಸಿದಂಥ ಮೈಬಣ್ಣ. ಅಮೆರಿಕದ ತಳಿಗಾರರೊಬ್ಬರಲ್ಲಿ ಇಂಥ ಬಣ್ಣದ ಮರಿ ಹುಟ್ಟಿ, ಅದರ ಸಂತತಿ ದುಬಾರಿ ಬೆಲೆಗೆ ಹರಡಿತ್ತು. ಬೆಲೆ ಕೇಳಿ ತಂದೆ ಬೇಡವೆಂದರು. ಹುಡುಗ ಮುನಿಸಿಕೊಂಡ. 2021ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ವಿಜ್ಞಾನಿಗಳು ಈ ತಳಿಯ ಅಧ್ಯಯನವನ್ನು ಪ್ರಕಟಿಸಿದರು. ಆ ಸುಂದರ ಬಿಳುಪನ್ನು ಕೊಡುವ ವರ್ಣಕೋಶಗಳೇ ಮಿತಿಮೀರಿ ಬೆಳೆದು ಗಡ್ಡೆಗಳಾಗುತ್ತವೆ. ಆ ಬಣ್ಣದ ಹಲ್ಲಿಗಳಲ್ಲಿ ಶೇಕಡ 80ಕ್ಕೂ ಹೆಚ್ಚಿನವಕ್ಕೆ ಗಡ್ಡೆ ಬರುತ್ತದೆ. ಬಣ್ಣವನ್ನೂ ರೋಗವನ್ನೂ ಒಂದೇ ವಂಶವಾಹಿಯ ಜಾಗಕ್ಕೆ ಅವರು ತಳುಕು ಹಾಕಿದರು. ಒಂದನ್ನು ಬಿಟ್ಟು ಇನ್ನೊಂದನ್ನು ಕೊಳ್ಳುವಂತಿಲ್ಲ. ‘ಎನಿಗ್ಮಾ’ ಎಂಬ ಇನ್ನೊಂದು ತಳಿಯದೂ ಇಂಥದೇ ಕಥೆ. ಚುಕ್ಕೆಗಳೇನೋ ಬಹು ವಿಚಿತ್ರ, ಆದರೆ ಅನೇಕವು ತಲೆ ವಾಲಿಸಿಕೊಂಡು ಗಿರಗಿರನೆ ಸುತ್ತುತ್ತವೆ, ಎದುರಿಗಿರುವ ಹುಳುವನ್ನು ಹಿಡಿಯಲು ತಡವರಿಸುತ್ತವೆ. ಕೊಳ್ಳುವವರ ಕಣ್ಣಿನ ಸುಖಕ್ಕೆ ಹಲ್ಲಿ ಮೈಯಿಂದ ಬೆಲೆ ತೆರುತ್ತದೆ. ಹದಿನೈದರ ಹುಡುಗ ಅದನ್ನೆಲ್ಲ ಓದಿ, ನೋಟ್‌ಬುಕ್ಕಿನಲ್ಲಿ ಆ ವಾರದ ತೂಕದ ಕೆಳಗೆ ‘ರಾಗಿ ಸಾಕು’ ಎಂದು ಬರೆದ.

ಇದೆಲ್ಲ ದೂರದ ದೇಶದ ಮಾತೆಂದು ಇಲ್ಲಿನ ಮಕ್ಕಳು ತಿಳಿಯಬೇಕಿಲ್ಲ. ಚಿರತೆ ಹಲ್ಲಿಯ ದಾಯಾದಿಗಳು ಭಾರತದಲ್ಲೂ ಇದ್ದಾರೆ. ಪೂರ್ವ ಭಾರತದಲ್ಲಿ ಒಂದು, ಗುಜರಾತ್ ಮಹಾರಾಷ್ಟ್ರಗಳ ಕಡೆ ಒಂದು. ಸಾತ್ಪುರ ಬೆಟ್ಟಗಳಿಂದ 2014ರಲ್ಲಿ, ಪೂರ್ವಘಟ್ಟಗಳಿಂದ 2022ರಲ್ಲಿ ಒಂದೊಂದು ಹೊಸ ಪ್ರಭೇದ ವರ್ಣಿತವಾಗಿದೆ. ಇವು ಇರುವ ಕಡೆಗಳಲ್ಲಿ ಘೋರ ವಿಷದ ಹಲ್ಲಿ ಎಂದು ಹೆದರಿ ಕೊಲ್ಲುವವರಿದ್ದಾರೆ. ವಾಸ್ತವವಾಗಿ ಇವಕ್ಕೆ ವಿಷವೇ ಇಲ್ಲ. ಕೊಲ್ಲುವುದು ಎಷ್ಟು ತಪ್ಪೋ, ಚೆಂದವೆಂದು ಕಾಡಿನಿಂದ ಹಿಡಿದು ತರುವುದೂ ಅಷ್ಟೇ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿರುವುದೇ ಕಾಡಿನ ಜೀವ ಕಾಡಿನಲ್ಲಿರಲಿ ಎಂದು. ಟಾರ್ಚ್ ಹಿಡಿದು ನೋಡಿ, ಗುರುತು ಹಾಕಿಕೊಂಡು, ಅಲ್ಲೇ ಬಿಟ್ಟು ಬರುವುದು ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ರೀತಿ.

2024ರಲ್ಲಿ ಆ ಹುಡುಗನಿಗೆ ಹದಿನೆಂಟು ತುಂಬಿ ಬೇರೆ ಊರಿನ ಕಾಲೇಜಿಗೆ ಹೊರಟ. ಹಾಸ್ಟೆಲಿನಲ್ಲಿ ಹಲ್ಲಿಗೆ ಜಾಗವಿಲ್ಲ. ರಾಗಿಗೆ ಆಗಿನ್ನೂ ಎಂಟು ವರ್ಷ. ಚೆನ್ನಾಗಿ ನೋಡಿಕೊಂಡ ಚಿರತೆ ಹಲ್ಲಿ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಎಂದರೆ ಅದರ ಬಾಳಿನ ಸುಮಾರು ಅರ್ಧದಷ್ಟಾದರೂ ಬಾಕಿಯಿತ್ತು. ಈಗ ಭಾನುವಾರದ ತೂಕವನ್ನು ತಂದೆ ಬರೆಯುತ್ತಾರೆ. ಹುಳು ಮುಟ್ಟಲು ಮೊದಮೊದಲು ಇಕ್ಕುಳ ಹುಡುಕುತ್ತಿದ್ದವರು, ಕಚೇರಿಯಿಂದ ತಡವಾದ ದಿನ ಬೂಟು ಬಿಚ್ಚುವ ಮೊದಲೇ ನೆಲದ ಉಷ್ಣತೆ ನೋಡುತ್ತಾರೆ. ಅರಸೀಕೆರೆಯಿಂದ ಫೋನು ಬಂದಾಗ ಮೊಮ್ಮಗನ ಯೋಗಕ್ಷೇಮ ಆದ ಮೇಲೆ ಮುಂದಿನ ಪ್ರಶ್ನೆ ರಾಗಿಯದೇ.

ಎಲ್ಲ ಮನೆಗಳಲ್ಲೂ ಹೀಗೆ ಒಬ್ಬರು ಒದಗುತ್ತಾರೆಂದಿಲ್ಲ. ಮಕ್ಕಳ ಆಸೆ ತಪ್ಪಲ್ಲ, ಪ್ರಾಣಿಯ ಮೇಲಿನ ಕುತೂಹಲ ಒಳ್ಳೆಯದೇ. ಆದರೆ ಹಲ್ಲಿಯಾಗಲಿ, ಆಮೆಯಾಗಲಿ, ಗಿಣಿಯಾಗಲಿ, ಕೊಳ್ಳುವ ಮುನ್ನ ತಂದೆತಾಯಿಗಳು ಒಂದು ಸಣ್ಣ ಲೆಕ್ಕ ಮಾಡುವುದು ಒಳಿತು. ಮಗುವಿನ ವಯಸ್ಸಿಗೆ ಆ ಪ್ರಾಣಿಯ ಆಯಸ್ಸನ್ನು ಕೂಡಿಸಬೇಕು. ಬಂದ ಮೊತ್ತದ ವಯಸ್ಸಿಗೆ ಮಗು ಎಲ್ಲಿರುತ್ತದೆ, ತಾವು ಎಲ್ಲಿರುತ್ತೇವೆ, ತೊಟ್ಟಿಯ ಬಿಸಿಯನ್ನು ಯಾರು ನೋಡುತ್ತಾರೆ ಎಂದು ಮಗುವಿನ ಜೊತೆಗೇ ಕುಳಿತು ಮಾತಾಡಬೇಕು. ಉತ್ತರ ಸಿಕ್ಕರೆ ಪ್ರಾಣಿಯನ್ನು ತರಲಿ. ಸಿಗದಿದ್ದರೆ ಸಂಜೆಯ ಹೊತ್ತು ದೀಪದ ಬಳಿ ಕಾದು ಕುಳಿತ ಗೋಡೆಯ ಹಲ್ಲಿಯನ್ನು ಮಗುವಿಗೆ ತೋರಿಸಲಿ. ಅದಕ್ಕೆ ಯಾರೂ ಬಿಸಿ ಕೊಡಬೇಕಿಲ್ಲ, ಊಟ ಹಾಕಬೇಕಿಲ್ಲ.