ಸಿರಿಯ ಋಣ ಯಾರಿಗೆ?

ರೈಲು, ಹಡಗುಗಳಿಂದ ದುಡ್ಡು ಮಾಡಿದ ಅಮೆರಿಕದ ಕಾರ್ನೀಲಿಯಸ್ ವಾಂಡರ್‌ಬಿಲ್ಟ್ 1877ರಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ಸುಮಾರು 10 ಕೋಟಿ ಡಾಲರ್. ಒಂಬತ್ತೇ ವರ್ಷಗಳೊಳಗೆ ಮಗ ಅದನ್ನು ದುಪ್ಪಟ್ಟು ಮಾಡಿದ. ಮೊಮ್ಮಗ ನ್ಯೂಪೋರ್ಟ್ ಕಡಲ ದಂಡೆಯಲ್ಲಿ 70 ಕೋಣೆಗಳ ಬಂಗಲೆ ಕಟ್ಟಿಸಿದ. ಅಲ್ಲಿನ ಸ್ನಾನದ ತೊಟ್ಟಿಗೆ ಸಿಹಿನೀರಿನ ಜೊತೆ ಸಮುದ್ರದ ಉಪ್ಪುನೀರಿಗೂ ನಲ್ಲಿಗಳಿದ್ದವು. 1972ರಲ್ಲಿ ವಾರಸುದಾರರು ಅದನ್ನು ಮಾರಿದರು; ಈಗದು ಮ್ಯೂಸಿಯಂ.

ಇನ್ನೊಬ್ಬ ಸಿರಿವಂತ, ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ, ಬೇರೆ ದಾರಿ ಹಿಡಿದ: 2,500ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಹಣ ಕೊಟ್ಟ. ತಾನು ಹುಡುಗನಾಗಿದ್ದಾಗ ಕರ್ನಲ್ ಆಂಡರ್ಸನ್ ಎಂಬವರು ಶನಿವಾರ ಶನಿವಾರ ದುಡಿಯುವ ಮಕ್ಕಳಿಗೆ ತಮ್ಮ ಪುಸ್ತಕಗಳನ್ನು ಎರವಲು ಕೊಡುತ್ತಿದ್ದುದನ್ನು ಅವನು ಮರೆಯಲಿಲ್ಲ. ಆ ಕೃತಜ್ಞತೆ ದೊಡ್ಡದು. ಆದರೆ 1892ರಲ್ಲಿ ಅವನದೇ ಹೋಮ್‌ಸ್ಟೆಡ್ ಕಾರ್ಖಾನೆಯ ಸಂಘರ್ಷದಲ್ಲಿ ಜೀವ ತೆತ್ತ ಕಾರ್ಮಿಕರನ್ನು ನಾವು ಮರೆಯಬಾರದು. ಆ ಗ್ರಂಥಾಲಯಗಳ ಹಿಂದೆ ಅವರ ಬೆವರೂ ಇದೆ.