ನ್ಯಾನೋಸೆಕೆಂಡಿನ ದೂರ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತ ನಾನು ಆಸಿಲೋಸ್ಕೋಪಿಗೆ ಬೇಕಾದ ಸರ್ಕ್ಯೂಟ್ ಬೋರ್ಡೊಂದನ್ನು ರೂಪಿಸುತ್ತಿದ್ದೇನೆ. ಅದರ ಪರಿವರ್ತಕವು ಏರಿಳಿಯುವ ವೋಲ್ಟೇಜನ್ನು ಸೆಕೆಂಡಿಗೆ 100 ಕೋಟಿ ಬಾರಿ ಅಳೆದು, ಪ್ರತಿ ಅಳತೆಯನ್ನೂ 256 ಮಟ್ಟಗಳಲ್ಲೊಂದಕ್ಕೆ ಸೇರಿಸುತ್ತದೆ. ಎರಡು ಅಳತೆಗಳ ನಡುವಿನ ಅವಧಿ ಒಂದು ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತವು ಸಾಗುವುದು ಸುಮಾರು 15 ಸೆಂಟಿಮೀಟರ್ ಮಾತ್ರ. ಆದ್ದರಿಂದ ದತ್ತಾಂಶದ ಗೆರೆಗಳು ಸಮ ಉದ್ದದವಾಗಿರಬೇಕು. ಅವುಗಳಡಿಯ ಗ್ರೌಂಡ್ ಪದರ ಎಲ್ಲಿಯೂ ಸೀಳಿರಬಾರದು. ಕ್ಲಾಕ್ ಸಂಕೇತವು ಕೆಲವೇ ಪಿಕೋಸೆಕೆಂಡ್ ಅತ್ತಿತ್ತ ನಡುಗಿದರೂ ವೇಗದ ಅಲೆಯ ಅಳತೆ ಕೆಡುತ್ತದೆ.

ನಮ್ಮೂರ ಶಾಲೆಯ ಕನ್ನಡ ತರಗತಿಗೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕನ್ನಡದಲ್ಲಿ ಓದಿದವರಿಗೆ ಇಂತಹ ವಿದ್ಯೆ ಒಲಿದೀತೇ ಎಂದು ಹೆತ್ತವರು ಕೇಳುತ್ತಾರೆ. ಅವರ ಮುಂದಿಡಲು ನನ್ನಲ್ಲಿ ವಾದಗಳಿಲ್ಲ. ಅಂಗೈಯಗಲದ ಈ ಬೋರ್ಡು ಇದೆ, ಅದನ್ನು ವಿವರಿಸಲು ಕನ್ನಡವೂ ಇದೆ.